ಸ್ವಂತ ಅರೀನಾ ಕೂಡ ಇಲ್ಲದ ಸೆಲ್ಟಿಕ್ಸ್‌ಗೆ 610 ಕೋಟಿ ಡಾಲರ್ ಯಾಕೆ?

ಮೂರುಪಾಯಿಂಟ್:

ಇದೊಂದು ಪ್ರಶ್ನೆ ತುಂಬಾ ದಿನದಿಂದ ತಲೆ ಕೊರೆಯುತ್ತಿದೆ, ಗೊತ್ತಿರುವವರು ಬಿಡಿಸಿ ಹೇಳಿ. 2025ರ ಮಾರ್ಚ್‌ನಲ್ಲಿ ಅಮೆರಿಕದ ಬಾಸ್ಟನ್ ಸೆಲ್ಟಿಕ್ಸ್ ಬ್ಯಾಸ್ಕೆಟ್‌ಬಾಲ್ ತಂಡವನ್ನು ಬಿಲ್ ಚಿಸಮ್ ಅವರ ಗುಂಪು 610 ಕೋಟಿ ಡಾಲರ್ ಲೆಕ್ಕದಲ್ಲಿ ಕೊಳ್ಳಲು ಒಪ್ಪಿತು. ಹಿಂದಿನ ಮಾಲೀಕರಾದ ಗ್ರೌಸ್‌ಬೆಕ್ ಕುಟುಂಬದ ಗುಂಪು 2002ರಲ್ಲಿ ಇದೇ ತಂಡಕ್ಕೆ ಕೊಟ್ಟಿದ್ದು 36 ಕೋಟಿ ಡಾಲರ್. ಅಂದರೆ ಹತ್ತಿರ ಹತ್ತಿರ 17 ಪಟ್ಟು.

ಈಗ ಕೊಂಡವರ ಕೈಗೆ ಏನು ಬಂತು ಅಂತ ನೋಡಿದರೆ ನನಗೆ ಅರ್ಥವೇ ಆಗುವುದಿಲ್ಲ. ತಂಡ ಆಡುವ ಟಿಡಿ ಗಾರ್ಡನ್ ಅರೀನಾ (ಒಳಾಂಗಣ ಕ್ರೀಡಾಂಗಣ) ಅವರದಲ್ಲ, ಅದು ಡೆಲವೇರ್ ನಾರ್ತ್ ಕಂಪನಿಯದು. ಆ ತಂಡವನ್ನು ಹಾಗೇ ಉಳಿಸಿಕೊಂಡಿದ್ದರೆ ಮುಂದಿನ ಸೀಸನ್‌ಗೆ ಆಟಗಾರರ ಸಂಬಳ ಮತ್ತು ಲಕ್ಷುರಿ ಟ್ಯಾಕ್ಸ್ (ಸಂಬಳದ ಮಿತಿ ಮೀರಿದ್ದಕ್ಕೆ ಲೀಗ್‌ಗೆ ಕಟ್ಟುವ ದಂಡ) ಸೇರಿ 50 ಕೋಟಿ ಡಾಲರ್ ಆಗುತ್ತಿತ್ತು ಅಂತ ಅಂದಾಜು ಇತ್ತು. ಮಾರಾಟಕ್ಕೆ ಒಪ್ಪಿದ ಎರಡೇ ತಿಂಗಳಿಗೆ ತಂಡದ ಮುಖ್ಯ ತಾರೆ ಟೇಟಮ್ ಕಾಲಿನ ಅಕಿಲಿಸ್ ಸ್ನಾಯುರಜ್ಜು ಹರಿದುಕೊಂಡರು. ಇಷ್ಟೆಲ್ಲ ಇದ್ದೂ ಯಾರೂ ಬೆಲೆ ಕಡಿಮೆ ಮಾಡಿ ಅನ್ನಲಿಲ್ಲ.

2024ರಲ್ಲಿ ಚಾಂಪಿಯನ್ ಆಗಿದ್ದಕ್ಕೆ ಈ ಬೆಲೆಯಾ? ಊರಿನ ಹೆಸರಿಗಾ? ಅಥವಾ ಶ್ರೀಮಂತರ ಪ್ರತಿಷ್ಠೆಯಾ? ಒಂದು ಸಾಮಾನ್ಯ ವ್ಯವಹಾರವನ್ನು ಅದರ ಲಾಭ ನೋಡಿ ಕೊಳ್ಳುತ್ತಾರೆ. ಇಲ್ಲಿ ಲಾಭ ಕಾಣುವುದೇ ಇಲ್ಲ, ಬೆಲೆ ಮಾತ್ರ ಏರುತ್ತಲೇ ಇದೆ.

ಲೆಕ್ಕದವನು:

ಒಳ್ಳೆಯ ಪ್ರಶ್ನೆ. ಮೊದಲು ಒಂದು ವಿಷಯ ಸರಿಮಾಡಿಕೊಳ್ಳೋಣ. ಕೊಂಡವರು ಟೇಟಮ್ ಅವರನ್ನು ಕೊಂಡಿಲ್ಲ, ಟ್ರೋಫಿಯನ್ನೂ ಕೊಂಡಿಲ್ಲ. ಎನ್‌ಬಿಎ ಅನ್ನುವ ಬ್ಯಾಸ್ಕೆಟ್‌ಬಾಲ್ ಲೀಗ್‌ನ 30 ಮಾಲೀಕರ ಕೂಟದಲ್ಲಿ ಒಂದು ಕುರ್ಚಿ ಕೊಂಡಿದ್ದಾರೆ. ಬೆಲೆಯ ದೊಡ್ಡ ಭಾಗ ಆ ಕುರ್ಚಿಯದ್ದು. ಅದರಲ್ಲಿ ಯಾವ ಊರಿನ ಕುರ್ಚಿ ಅನ್ನುವುದು ಆಮೇಲಿನ ಮಾತು.

ಆ ಕುರ್ಚಿಗೆ ಏನು ಬರುತ್ತದೆ? ಮುಖ್ಯವಾಗಿ ಟಿವಿ ದುಡ್ಡು. 2016-17ರಿಂದ ಶುರುವಾದ ಹಳೆಯ ರಾಷ್ಟ್ರೀಯ ಪ್ರಸಾರ ಒಪ್ಪಂದ 9 ವರ್ಷಕ್ಕೆ 2,400 ಕೋಟಿ ಡಾಲರ್. 2024ರ ಜುಲೈಯಲ್ಲಿ ಡಿಸ್ನಿ, ಎನ್‌ಬಿಸಿ ಮತ್ತು ಅಮೆಜಾನ್ ಜೊತೆ ಮಾಡಿಕೊಂಡ ಹೊಸ ಒಪ್ಪಂದ 11 ವರ್ಷಕ್ಕೆ ಸುಮಾರು 7,600 ಕೋಟಿ. ಇದನ್ನು 30 ತಂಡಗಳಿಗೆ ಸಮನಾಗಿ ಹಂಚುತ್ತಾರೆ. ಗೆದ್ದವರಿಗೆ ಜಾಸ್ತಿ, ಸೋತವರಿಗೆ ಕಡಿಮೆ ಅಂತೇನೂ ಇಲ್ಲ. ಸುಮ್ನೆ ಭಾಗ ಮಾಡಿ ನೋಡಿ: ಹಳೆಯದರಲ್ಲಿ ಒಂದು ತಂಡಕ್ಕೆ ವರ್ಷಕ್ಕೆ ಸರಾಸರಿ 9 ಕೋಟಿ ಡಾಲರ್ ಹತ್ತಿರ, ಹೊಸದರಲ್ಲಿ 23 ಕೋಟಿ ಹತ್ತಿರ. ಮೊದಲ ವರ್ಷಗಳಲ್ಲಿ ಸರಾಸರಿಗಿಂತ ಕಡಿಮೆ, ಕೊನೆಯ ವರ್ಷಗಳಲ್ಲಿ ಜಾಸ್ತಿ ಬರುತ್ತದೆ. ಟಿಕೆಟ್ ಒಂದೂ ಮಾರದಿದ್ದರೂ ಈ ದುಡ್ಡು ಬರುತ್ತದೆ, 2036ರ ತನಕ ಬರುತ್ತದೆ. ಅಂಥ ಖಾತ್ರಿ ಆದಾಯ ಬೇರೆ ಯಾವ ವ್ಯವಹಾರದಲ್ಲಿ ಸಿಗುತ್ತದೆ ಹೇಳಿ.

ಇನ್ನೊಂದು ಕಡೆ ಖರ್ಚಿಗೂ ಬೇಲಿ ಇದೆ. ಇದನ್ನು ಎಷ್ಟೋ ಜನ ಮರೆಯುತ್ತಾರೆ. ಬ್ಯಾಸ್ಕೆಟ್‌ಬಾಲ್‌ನಿಂದ ಬರುವ ಆದಾಯದಲ್ಲಿ ಆಟಗಾರರ ಪಾಲು ಅರ್ಧದ ಆಸುಪಾಸಿನಲ್ಲಿ ಕಟ್ಟಿಹಾಕಿದ್ದಾರೆ. 2011ರ ಲಾಕ್‌ಔಟ್‌ಗೆ (ಆಟಗಾರರ ಜೊತೆ ಒಪ್ಪಂದ ಆಗದೆ ಮಾಲೀಕರು ಆಟ ನಿಲ್ಲಿಸಿದ್ದು) ಮೊದಲು ಅದು ಶೇ. 57 ಇತ್ತು. ಲಾಕ್‌ಔಟ್ ಮುಗಿದ ಮೇಲೆ ಅದು ಶೇ. 50ರ ಹತ್ತಿರಕ್ಕೆ ಬಂತು. ನನ್ನ ಪ್ರಕಾರ ಇವತ್ತಿನ ಬೆಲೆಗಳ ನಿಜವಾದ ಬೀಜ ಬಿದ್ದಿದ್ದು ಆ ಚಳಿಗಾಲದಲ್ಲಿ. ಯುರೋಪಿನ ಫುಟ್‌ಬಾಲ್‌ನಲ್ಲಿ ಕ್ಲಬ್ ಕೊಂಡವರು ಆಟಗಾರರಿಗಾಗಿ ಒಬ್ಬರ ಮೇಲೊಬ್ಬರು ಹರಾಜು ಕೂಗುತ್ತಾರೆ, ಸರಿಯಾಗಿ ಆಡದಿದ್ದರೆ ಕೆಳಗಿನ ದರ್ಜೆಗೂ ಬೀಳುತ್ತಾರೆ. ಎನ್‌ಬಿಎಯಲ್ಲಿ ಕೆಳಗೆ ಬೀಳುವ ಮಾತೇ ಇಲ್ಲ. ಕೊನೆಯ ಸ್ಥಾನಕ್ಕೆ ಹೋದರೆ ಡ್ರಾಫ್ಟ್‌ನಲ್ಲಿ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ ಪದ್ಧತಿ) ಒಳ್ಳೆಯ ಹುಡುಗ ಸಿಗುವ ಅವಕಾಶ ಹೆಚ್ಚುತ್ತದೆ. ನೀವು ಹೇಳಿದ ಆ 50 ಕೋಟಿ ಇದೆಯಲ್ಲ, ಅದು ಮಾಲೀಕರು ತಾವಾಗಿ ಆರಿಸಿಕೊಂಡ ಖರ್ಚು. ಬೇಡ ಅಂದರೆ ಒಂದೇ ಬೇಸಿಗೆಯಲ್ಲಿ ಇಳಿಸಬಹುದು. ಸೆಲ್ಟಿಕ್ಸ್ ಇಳಿಸಿಯೇಬಿಟ್ಟರು: ಹಾಲಿಡೇ ಅವರನ್ನೂ ಪೋರ್ಜಿಂಗಿಸ್ ಅವರನ್ನೂ ಬೇರೆ ತಂಡಗಳಿಗೆ ಕಳಿಸಿದರು.

ಟಿವಿ ಪಾಲಿನ ಬೆಲೆ ಏನು ಅಂತ ತಿಳಿಯಲು ನನಗೆ ತುಂಬಾ ಇಷ್ಟವಾದ ಒಂದು ಕಥೆ ಇದೆ. 1976ರಲ್ಲಿ ಎಬಿಎ ಅನ್ನುವ ಎದುರಾಳಿ ಲೀಗ್ ಮುಚ್ಚಿತು. ಅದರ ನಾಲ್ಕು ತಂಡಗಳನ್ನು ಎನ್‌ಬಿಎ ಒಳಗೆ ಸೇರಿಸಿಕೊಂಡರು: ನೆಟ್ಸ್, ನಗೆಟ್ಸ್, ಪೇಸರ್ಸ್, ಸ್ಪರ್ಸ್. ಎರಡು ತಂಡಗಳು ಹೊರಗುಳಿದವು. ಕೆಂಟಕಿ ಕರ್ನಲ್ಸ್ ಮಾಲೀಕರು 33 ಲಕ್ಷ ಡಾಲರ್ ತೆಗೆದುಕೊಂಡು ಹೊರಟರು. ಸ್ಪಿರಿಟ್ಸ್ ಆಫ್ ಸೇಂಟ್ ಲೂಯಿಸ್ ತಂಡದ ಸಿಲ್ನಾ ಸಹೋದರರು ಒಂದಿಷ್ಟು ನಗದಿನ ಜೊತೆಗೆ ಬೇರೊಂದನ್ನು ಕೇಳಿದರು: ಒಳಗೆ ಹೋದ ಆ ನಾಲ್ಕು ತಂಡಗಳ ಟಿವಿ ಪಾಲಿನಲ್ಲಿ ಏಳರಲ್ಲಿ ಒಂದು ಭಾಗ, ಲೀಗ್ ಇರುವ ತನಕ. ಆಗ ಟಿವಿ ದುಡ್ಡು ಹೇಳಿಕೊಳ್ಳುವಷ್ಟು ಇರಲಿಲ್ಲ, ಹಾಗಾಗಿ ಎಲ್ಲರೂ ಆಯ್ತು ಅಂದರು. ಆಟಗಾರ ಇಲ್ಲ, ಬಾಲ್ ಇಲ್ಲ, ಒಂದೂ ಪಂದ್ಯ ಇಲ್ಲ, ಆದರೂ ಅವರಿಗೆ ದಶಕಗಟ್ಟಲೆ ಚೆಕ್ ಬರುತ್ತಲೇ ಇತ್ತು. ಕೊನೆಗೆ 2014ರಲ್ಲಿ ಆ ಹಕ್ಕಿನ ಬಹುಪಾಲನ್ನು ಬಿಡಿಸಿಕೊಳ್ಳಲು ಲೀಗ್ ಸುಮಾರು 50 ಕೋಟಿ ಡಾಲರ್ ಕೊಡಬೇಕಾಯಿತು. ತಂಡವೇ ಇಲ್ಲದ ಬರಿಯ ಟಿವಿ ಪಾಲು, ಅದೂ ಒಂದು ತಂಡದ ಪಾಲಿನ ಏಳರಲ್ಲಿ ನಾಲ್ಕು ಭಾಗ ಮಾತ್ರ. ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಳೇಅಭಿಮಾನಿ:

ಲೆಕ್ಕದವನು ಹೇಳಿದ್ದಕ್ಕೆ ಒಂದು ಜೋಡಿ ಉದಾಹರಣೆ ಸೇರಿಸುತ್ತೇನೆ, ಯಾಕೆಂದರೆ ಗೆಲುವೇ ಬೆಲೆ ಅನ್ನುವ ನಂಬಿಕೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ.

ಮಿಲ್ವಾಕಿ ಬಕ್ಸ್ 2014ರಲ್ಲಿ 55 ಕೋಟಿ ಡಾಲರ್‌ಗೆ ಮಾರಾಟವಾಯಿತು. ಆಮೇಲೆ ಅದರ ಆಟಗಾರ ಯಾನಿಸ್ ಬೆಳೆದರು, ಎರಡು ಸಲ ಎಂವಿಪಿ (ಸೀಸನ್‌ನ ಅತ್ಯುತ್ತಮ ಆಟಗಾರ) ಆದರು, 2021ರಲ್ಲಿ ತಂಡ ಚಾಂಪಿಯನ್ ಆಯಿತು, ಹೊಸ ಅರೀನಾ ಬಂತು. 2023ರಲ್ಲಿ ಮಾರ್ಕ್ ಲ್ಯಾಸ್ರಿ ತಮ್ಮ ಪಾಲನ್ನು ಮಾರಿದಾಗ ತಂಡದ ಮೌಲ್ಯ 350 ಕೋಟಿ ಅಂತ ಲೆಕ್ಕ ಹಾಕಿದ್ದರು. ಸರಿ, ಗೆದ್ದರು, ಏರಿತು ಅನ್ನಬಹುದು.

ಈಗ ಶಾರ್ಲೆಟ್ ಊರಿನ ತಂಡ ನೋಡಿ. 2010ರಲ್ಲಿ ಮೈಕಲ್ ಜೋರ್ಡನ್ ಬಹುಪಾಲು ಕೊಂಡಾಗ ತಂಡದ ಮೌಲ್ಯ ಸುಮಾರು 27.5 ಕೋಟಿ. ಆಮೇಲೆ ಏನಾಯಿತು? 2011-12ರಲ್ಲಿ 7 ಗೆಲುವು, 59 ಸೋಲು. ಗೆಲುವಿನ ಪ್ರಮಾಣದಲ್ಲಿ ಎನ್‌ಬಿಎ ಇತಿಹಾಸದಲ್ಲೇ ಅತಿ ಕೆಟ್ಟ ಸೀಸನ್ ಅದು. ಜೋರ್ಡನ್ ಕಾಲದಲ್ಲಿ ಒಂದೇ ಒಂದು ಪ್ಲೇಆಫ್ (ಲೀಗ್ ಪಂದ್ಯಗಳ ನಂತರದ ನಾಕೌಟ್ ಹಂತ) ಸರಣಿ ಗೆಲ್ಲಲಿಲ್ಲ. 2016ರ ನಂತರ ಪ್ಲೇಆಫ್ ಮುಖವನ್ನೇ ನೋಡಲಿಲ್ಲ. 2023ರಲ್ಲಿ ಮಾರಿದರು, ಮೌಲ್ಯ 300 ಕೋಟಿ. ಎರಡೂ ದೊಡ್ಡ ಊರುಗಳಲ್ಲ. ಒಬ್ಬರ ಕೈಯಲ್ಲಿ ಟ್ರೋಫಿ ಮತ್ತು ಜಗತ್ತಿನ ಅತ್ಯುತ್ತಮ ಆಟಗಾರರಲ್ಲಿ ಒಬ್ಬರು, ಇನ್ನೊಬ್ಬರ ಕೈಯಲ್ಲಿ ಏನೂ ಇಲ್ಲ. ಒಂದೇ ವರ್ಷ ಮಾರಾಟ, ಬೆಲೆಯಲ್ಲಿ ವ್ಯತ್ಯಾಸ 50 ಕೋಟಿ. ಚಾಂಪಿಯನ್ ಪಟ್ಟಕ್ಕೆ ಮಾರುಕಟ್ಟೆ ಇಟ್ಟ ಬೆಲೆ ಅಬ್ಬಬ್ಬಾ ಅಂದರೆ ಅಷ್ಟೇ, ಅದರಲ್ಲೂ ಹೊಸ ಅರೀನಾದ ಪಾಲು ಕಳೆದರೆ ಇನ್ನೂ ಕಡಿಮೆ.

ಫೀನಿಕ್ಸ್ ಸನ್ಸ್ ಇಲ್ಲಿಯ ತನಕ ಒಂದು ಸಲವೂ ಚಾಂಪಿಯನ್ ಆಗಿಲ್ಲ. 2004ರಲ್ಲಿ ಸುಮಾರು 40 ಕೋಟಿಗೆ ಹೋಗಿದ್ದ ತಂಡ 2022ರ ಡಿಸೆಂಬರ್‌ನಲ್ಲಿ ಮ್ಯಾಟ್ ಇಶ್ಬಿಯಾ ಅವರಿಗೆ 400 ಕೋಟಿ ಮೌಲ್ಯದಲ್ಲಿ ಹೋಯಿತು. ತಾರೆ ಆಟಗಾರ ಡ್ಯುರಾಂಟ್ ಬಂದಿದ್ದು ಅದಾದ ಮೇಲೆ.

ಮೂರುಪಾಯಿಂಟ್:

ಶಾರ್ಲೆಟ್ ಲೆಕ್ಕ ಓದಿ ನಿಜಕ್ಕೂ ಬೆರಗಾಯಿತು. ಆದರೆ ಸನ್ಸ್ ವಿಷಯದಲ್ಲಿ ಒಂದು ಅನುಮಾನ. ಅಲ್ಲಿ ಹಿಂದಿನ ಮಾಲೀಕರು ಮಾರಲೇಬೇಕಾದ ಪರಿಸ್ಥಿತಿ ಇತ್ತಲ್ವಾ? ಹೊರಗೆ ಹೋಗಲೇಬೇಕು ಅಂತ ಇರುವ ವ್ಯಕ್ತಿಯ ಹತ್ತಿರ ಕೊಳ್ಳುವವರು ಚೌಕಾಸಿ ಮಾಡಬೇಕಿತ್ತು. ದಾಖಲೆಯ ಬೆಲೆ ಹೇಗೆ ಬಂತು?

ಹಳೇಅಭಿಮಾನಿ:

ಅದೇ ಇಲ್ಲಿನ ವಿಚಿತ್ರ. ಸನ್ಸ್ ಮಾಲೀಕ ರಾಬರ್ಟ್ ಸಾರ್ವರ್ ಅವರನ್ನು 2022ರ ಸೆಪ್ಟೆಂಬರ್‌ನಲ್ಲಿ ಲೀಗ್ ಒಂದು ವರ್ಷ ಅಮಾನತು ಮಾಡಿ 1 ಕೋಟಿ ಡಾಲರ್ ದಂಡ ಹಾಕಿತು, ಅದರ ಬೆನ್ನಿಗೇ ಅವರು ಮಾರುತ್ತೇನೆ ಅಂದರು. 2014ರ ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ ಇನ್ನೂ ದೊಡ್ಡ ಉದಾಹರಣೆ. ಮಾಲೀಕ ಡೊನಾಲ್ಡ್ ಸ್ಟರ್ಲಿಂಗ್ ಅವರ ಜನಾಂಗೀಯ ಮಾತಿನ ಧ್ವನಿಮುದ್ರಣ ಹೊರಬಂದು ಲೀಗ್ ಆಜೀವ ನಿಷೇಧ ಹಾಕಿತು. ಜಾಹೀರಾತುದಾರರು ಓಡಿಹೋಗುತ್ತಿದ್ದರು, ಆಟಗಾರರು ತಂಡದ ಹೆಸರು ಕಾಣದಂತೆ ಅಂಗಿ ತಿರುಗಿಸಿ ಹಾಕಿಕೊಂಡು ಅಭ್ಯಾಸ ಮಾಡಿದರು. ಅದಕ್ಕಿಂತ ಕೆಟ್ಟ ಸಮಯದಲ್ಲಿ ಯಾರಾದರೂ ಏನನ್ನಾದರೂ ಮಾರಿರಲಿಕ್ಕಿಲ್ಲ. ಕೆಲವೇ ವಾರಗಳ ಹಿಂದೆ ಬಕ್ಸ್‌ಗೆ ಸಿಕ್ಕಿದ್ದ 55 ಕೋಟಿ ಆಗಿನ ದಾಖಲೆ. ಸ್ಟೀವ್ ಬಾಲ್ಮರ್ 200 ಕೋಟಿ ಕೊಟ್ಟರು. ಸ್ಟರ್ಲಿಂಗ್ 1981ರಲ್ಲಿ ಕೊಟ್ಟಿದ್ದು 1.25 ಕೋಟಿ.

ಆಗ ಎಲ್ಲರೂ ಬಾಲ್ಮರ್‌ಗೆ ದುಡ್ಡು ಜಾಸ್ತಿಯಾಗಿದೆ ಅಂದರು. ಆದರೆ ಪೈಪೋಟಿಗೆ ಇದ್ದ ಉಳಿದ ಎರಡು ಗುಂಪುಗಳೂ 160 ಕೋಟಿ, 120 ಕೋಟಿ ತನಕ ಬಂದಿದ್ದವು ಅಂತ ವರದಿಯಾಗಿತ್ತು. ಮಾರುವವರ ಅವಸರ ಲೆಕ್ಕಕ್ಕೆ ಬರಬೇಕಾದರೆ ಕೊಳ್ಳುವವರು ಒಬ್ಬರೇ ಇರಬೇಕು. ಲಾಸ್ ಏಂಜಲೀಸ್‌ನಲ್ಲಿ ಒಂದು ತಂಡ ಮಾರಾಟಕ್ಕೆ ಬರುವುದು ಜೀವಮಾನಕ್ಕೆ ಒಂದು ಸಲ. ಮೂವರು ಕಾಯುತ್ತಿದ್ದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲೀಗ್ ಆ 2,400 ಕೋಟಿಯ ಟಿವಿ ಒಪ್ಪಂದಕ್ಕೆ ಸಹಿ ಹಾಕಿತು, ಒಂದೆರಡು ವರ್ಷದಲ್ಲಿ 200 ಕೋಟಿ ದುಬಾರಿ ಅನ್ನುವ ಮಾತು ನಿಂತೇಹೋಯಿತು.

ಮಾರಲು ಬೇರೆ ಕಾರಣಗಳೂ ಇರುತ್ತವೆ, ಅದರಲ್ಲಿ ಜಾಸ್ತಿ ಕಾಣುವುದು ಕುಟುಂಬ. ಪಾಲ್ ಆಲನ್ 1988ರಲ್ಲಿ ಪೋರ್ಟ್‌ಲ್ಯಾಂಡ್ ತಂಡವನ್ನು 7 ಕೋಟಿಗೆ ಕೊಂಡಿದ್ದರು, 2018ರಲ್ಲಿ ತೀರಿಕೊಂಡರು, ಅವರ ಆಸ್ತಿಯನ್ನು ಮಾರಿ ದಾನಕ್ಕೆ ಕೊಡಬೇಕು ಅಂತ ಬರೆದಿಟ್ಟಿದ್ದರು. 2025ರಲ್ಲಿ ಟಾಮ್ ಡಂಡನ್ ಗುಂಪಿಗೆ 400 ಕೋಟಿಗಿಂತ ಜಾಸ್ತಿಗೆ ಮಾತಾಯಿತು. ಅಲ್ಲಿಯೂ ತಂಡ ಆಗ ಸಾಲಾಗಿ ನಾಲ್ಕು ವರ್ಷ ಪ್ಲೇಆಫ್ ಆಡಿರಲಿಲ್ಲ.

ಅಂಕಣದಾಚೆ:

ನೀವೆಲ್ಲ ಟಿವಿ, ಟಿವಿ ಅನ್ನುತ್ತಿದ್ದೀರಿ. ಆದರೆ ಟಿವಿ ದುಡ್ಡು ಎಲ್ಲರಿಗೂ ಸಮ ಅಂದಮೇಲೆ, 2025ರಲ್ಲೇ ಮಾರಾಟವಾದ ಲಾಸ್ ಏಂಜಲೀಸ್ ಲೇಕರ್ಸ್ 1,000 ಕೋಟಿ ಮತ್ತು ಪೋರ್ಟ್‌ಲ್ಯಾಂಡ್ 400 ಕೋಟಿ ಯಾಕೆ? ಆ 600 ಕೋಟಿ ವ್ಯತ್ಯಾಸ ಊರಿನದ್ದು ಮತ್ತು ಕಟ್ಟಡದ್ದು. ಇದನ್ನು ಬಿಟ್ಟರೆ ಉತ್ತರ ಅರ್ಧ ಆಗುತ್ತದೆ.

ಊರಿನ ವಿಷಯ ಬೇಗ ಹೇಳಿಬಿಡುತ್ತೇನೆ. ಲೇಕರ್ಸ್‌ಗೆ ರಾಷ್ಟ್ರೀಯ ಒಪ್ಪಂದದ ಜೊತೆಗೆ 2012ರಿಂದ 20 ವರ್ಷದ ಸ್ವಂತ ಸ್ಥಳೀಯ ಟಿವಿ ಒಪ್ಪಂದ ಇದೆ, ಅದರ ಮೊತ್ತ ಆಗಲೇ 300 ಕೋಟಿ ಡಾಲರ್ ಅಂತ ವರದಿಯಾಗಿತ್ತು. ಇದು ಆಯಾ ಊರಿನ ಜನಸಂಖ್ಯೆ ಮೇಲೆ ನಿಂತಿರುತ್ತದೆ. ಲೀಗ್ ಒಳಗೆ ಶ್ರೀಮಂತ ತಂಡಗಳು ಬಡ ತಂಡಗಳಿಗೆ ಒಂದಿಷ್ಟು ಹಂಚುತ್ತವೆ, ಆದರೂ ಅಂತರ ಉಳಿಯುತ್ತದೆ. ಅದೂ ಅಲ್ಲದೆ ಸಣ್ಣ ಊರುಗಳ ಸ್ಥಳೀಯ ಟಿವಿ ಆದಾಯ ಈಗ ಅಲುಗಾಡುತ್ತಿದೆ. ಎಷ್ಟೋ ತಂಡಗಳ ಪಂದ್ಯ ತೋರಿಸುತ್ತಿದ್ದ ಡೈಮಂಡ್ ಸ್ಪೋರ್ಟ್ಸ್ ಗ್ರೂಪ್ 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಕೇಬಲ್ ಸಂಪರ್ಕ ಬಿಡುವವರು ಹೆಚ್ಚಿದಷ್ಟೂ ಈ ಭಾಗ ಸೊರಗುತ್ತದೆ.

ಕಟ್ಟಡದ ವಿಷಯ ನಿಜಕ್ಕೂ ನಿಧಾನವಾಗಿ ನೋಡಬೇಕು. ಒಂದು ತಂಡ ವರ್ಷಕ್ಕೆ ತವರಿನಲ್ಲಿ 41 ಲೀಗ್ ಪಂದ್ಯ ಆಡುತ್ತದೆ. ಉಳಿದ ಮುನ್ನೂರು ಚಿಲ್ಲರೆ ದಿನ ಅರೀನಾ ಖಾಲಿ. ಬಾಡಿಗೆಗೆ ಇದ್ದರೆ ಆ ದಿನಗಳು ನಿಮ್ಮವಲ್ಲ. ಸ್ವಂತದ್ದಾದರೆ ಸಂಗೀತ ಕಾರ್ಯಕ್ರಮ, ಬಾಕ್ಸಿಂಗ್, ಪಾರ್ಕಿಂಗ್, ಕಟ್ಟಡದ ಮೇಲಿನ ಹೆಸರಿನ ಹಕ್ಕು, ಸುತ್ತಲಿನ ಜಾಗ, ಎಲ್ಲವೂ ನಿಮ್ಮದು. ಸಂಗೀತ ಕಾರ್ಯಕ್ರಮದಿಂದ ಬಂದ ದುಡ್ಡು ಬ್ಯಾಸ್ಕೆಟ್‌ಬಾಲ್ ಆದಾಯ ಅಲ್ಲ, ಹಾಗಾಗಿ ಅದರಲ್ಲಿ ಅರ್ಧ ಆಟಗಾರರಿಗೆ ಹೋಗುವುದಿಲ್ಲ. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಇದನ್ನೇ ಮಾಡಿದರು. 2010ರಲ್ಲಿ ಜೋ ಲೇಕಬ್ ಮತ್ತು ಪೀಟರ್ ಗೂಬರ್ 45 ಕೋಟಿ ಕೊಟ್ಟು ಕೊಂಡಾಗ ಅದು ಓಕ್ಲೆಂಡ್‌ನ ಹಳೆಯ ಅರೀನಾದಲ್ಲಿ ಬಾಡಿಗೆಗೆ ಇದ್ದ ತಂಡ. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸುಮಾರು 140 ಕೋಟಿ ಖಾಸಗಿ ದುಡ್ಡಿನಲ್ಲಿ ಚೇಸ್ ಸೆಂಟರ್ ಕಟ್ಟಿದರು. ಈಗ ಫೋರ್ಬ್ಸ್ ಪತ್ರಿಕೆಯ ಅಂದಾಜಿನ ಪಟ್ಟಿಯಲ್ಲಿ ಆ ತಂಡ ಲೇಕರ್ಸ್, ನ್ಯೂಯಾರ್ಕ್‌ನ ನಿಕ್ಸ್ ಎರಡನ್ನೂ ದಾಟಿ ಮೊದಲ ಸ್ಥಾನದಲ್ಲಿದೆ. ವಾರಿಯರ್ಸ್‌ನ ತಾರೆ ಸ್ಟೆಫ್ ಕರಿ ಇಲ್ಲದಿದ್ದರೆ ಆ ಕಟ್ಟಡ ಬರುತ್ತಿರಲಿಲ್ಲ, ಒಪ್ಪುತ್ತೇನೆ. ಹಳೇಅಭಿಮಾನಿಯವರಿಗೆ ಇಷ್ಟು ಹೇಳಬೇಕು: ಗೆಲುವು ನೇರವಾಗಿ ಬೆಲೆ ಏರಿಸದಿದ್ದರೂ, ಗೆಲ್ಲುತ್ತಿರುವಾಗ ಕಟ್ಟಿದ ಕಟ್ಟಡ ಏರಿಸುತ್ತದೆ. ಬಾಲ್ಮರ್ ಕೂಡ ಅದೇ ದಾರಿ ಹಿಡಿದು ಸುಮಾರು 200 ಕೋಟಿ ಹಾಕಿ ಇಂಟ್ಯುಯಿಟ್ ಡೋಮ್ ಕಟ್ಟಿ 2024ರಲ್ಲಿ ತೆರೆದರು. ತಂಡಕ್ಕೆ ಕೊಟ್ಟಷ್ಟೇ ಕಟ್ಟಡಕ್ಕೂ ಕೊಟ್ಟ ಹಾಗಾಯಿತು.

ಅರೀನಾ ಗಟ್ಟಿಯಿಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಸಿಯಾಟಲ್ ಇದೆ. ಇದನ್ನು ಬರೆಯುವಾಗ ಈಗಲೂ ಸಂಕಟ ಆಗುತ್ತದೆ. ಹೊಸ ಅರೀನಾಕ್ಕೆ ಸರ್ಕಾರದ ದುಡ್ಡು ಸಿಗದೆ ಹೋವರ್ಡ್ ಶುಲ್ಟ್ಸ್ 2006ರಲ್ಲಿ ಸೂಪರ್‌ಸಾನಿಕ್ಸ್ ತಂಡವನ್ನು ಒಕ್ಲಹೋಮಾದ ಗುಂಪಿಗೆ 35 ಕೋಟಿಗೆ ಮಾರಿದರು. 2008ರಲ್ಲಿ ತಂಡ ಊರು ಬಿಟ್ಟಿತು. 41 ವರ್ಷ ಅಲ್ಲೇ ಆಡಿದ, 1979ರಲ್ಲಿ ಚಾಂಪಿಯನ್ ಆಗಿದ್ದ ತಂಡ. ಆ ಊರಿನ ಅಭಿಮಾನಿಗಳಿಗೆ ಬೆಲೆಪಟ್ಟಿಯಲ್ಲಿ ಜಾಗವೇ ಇರಲಿಲ್ಲ.

ಬಕ್ಸ್ ಮಾರುವಾಗ ಹರ್ಬ್ ಕೋಲ್ ಮಾಡಿದ್ದು ಇದಕ್ಕೆ ಪೂರ್ತಿ ಉಲ್ಟಾ. 1985ರಲ್ಲಿ 1.8 ಕೋಟಿಗೆ ಕೊಂಡವರು, ಮಾರುವಾಗ ಮೊದಲ ಷರತ್ತು ತಂಡ ಮಿಲ್ವಾಕಿಯಲ್ಲೇ ಇರಬೇಕು ಅನ್ನುವುದು, ಮೇಲೆ ಹೊಸ ಅರೀನಾಕ್ಕೆ ತಮ್ಮ ಕೈಯಿಂದ 10 ಕೋಟಿ ಕೊಟ್ಟರು. ಊರು ಬದಲಿಸುವ ಹಕ್ಕನ್ನೂ ಸೇರಿಸಿ ಮಾರಿದ್ದರೆ ಇನ್ನೂ ಜಾಸ್ತಿ ಸಿಗುತ್ತಿತ್ತು ಅಂತ ನನಗೆ ಅನುಮಾನವೇ ಇಲ್ಲ. ಅವರು ಬೇಡ ಅಂದರು.

ಲೆಕ್ಕದವನು:

ಅಂಕಣದಾಚೆ ಹೇಳಿದ್ದು ಸರಿ, ನಾನು ಊರನ್ನು ಬೇಗ ದಾಟಿಬಿಟ್ಟೆ. ಊರು ಬದಲಿಸುವ ವಿಷಯಕ್ಕೆ ಒಂದು ಮಾತು. ಜಾಸ್ತಿ ಕೊಡುವವರಿಗೇ ತಂಡ ಅಂತ ಇಲ್ಲಿ ಇಲ್ಲ. ಯಾವ ಮಾರಾಟಕ್ಕೂ 30 ಮಾಲೀಕರಲ್ಲಿ ಕನಿಷ್ಠ 23 ಜನ ಒಪ್ಪಬೇಕು. 2013ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಸಿಯಾಟಲ್ ಗುಂಪು ಮೌಲ್ಯವನ್ನು 62.5 ಕೋಟಿ ತನಕ ಏರಿಸಿತು. ಊರು ಬದಲಿಸುವ ಪ್ರಸ್ತಾಪವನ್ನು ಮಾಲೀಕರು 22-8 ಮತದಿಂದ ತಳ್ಳಿಹಾಕಿದರು. ತಂಡ ವಿವೇಕ್ ರಣದಿವೆ ಗುಂಪಿಗೆ 53.4 ಕೋಟಿ ಮೌಲ್ಯದಲ್ಲಿ ಹೋಯಿತು, ಅಲ್ಲೇ ಉಳಿಯಿತು. ಕಡಿಮೆ ಬೆಲೆಯೇ ಗೆದ್ದಿತು ನೋಡಿ.

ಹಾಗಂತ ಮಾಲೀಕರು ಬರಿ ಒಳ್ಳೆಯ ಮನಸ್ಸಿನಿಂದ ಹಾಗೆ ಮಾಡಿದರು ಅಂತ ನಾನು ಹೇಳಲಾರೆ. ಸಿಯಾಟಲ್ ಖಾಲಿ ಇದ್ದರೆ ಅದು ಎಲ್ಲರ ಆಸ್ತಿ. ಅಲ್ಲಿಗೆ ಹೊಸ ತಂಡ ಕೊಟ್ಟರೆ ಸೇರ್ಪಡೆ ಶುಲ್ಕವನ್ನು 30 ಜನ ಹಂಚಿಕೊಳ್ಳುತ್ತಾರೆ. ಕೊನೆಯ ಸಲ ಹೊಸ ತಂಡ ಬಂದಿದ್ದು 2004ರಲ್ಲಿ, ಶಾರ್ಲೆಟ್, ಶುಲ್ಕ 30 ಕೋಟಿ. ಸಿಯಾಟಲ್ ಮತ್ತು ಲಾಸ್ ವೇಗಸ್ ಬಗ್ಗೆ ಮಾತು ನಡೆಯುತ್ತಲೇ ಇದೆ. 32 ತಂಡ ಆದರೆ ಟಿವಿ ದುಡ್ಡು 32 ಪಾಲಾಗುತ್ತದೆ, ಮೇಲಿನ ನನ್ನ ಸರಾಸರಿಯಲ್ಲಿ ಒಬ್ಬೊಬ್ಬರಿಗೆ ವರ್ಷಕ್ಕೆ 1.4 ಕೋಟಿ ಹತ್ತಿರ ಕಡಿಮೆ. ಅದನ್ನು ತುಂಬಿಕೊಡುವಷ್ಟು ಶುಲ್ಕ ಸಿಗದೆ ಯಾರೂ ಕೈ ಎತ್ತುವುದಿಲ್ಲ. ಇತ್ತೀಚಿನ ಪ್ರತಿ ಮಾರಾಟವೂ ಆ ಶುಲ್ಕದ ಮಟ್ಟವನ್ನು ಮೇಲೆ ತಳ್ಳುತ್ತಿದೆ. ಹಾಗಾಗಿ ಸೆಲ್ಟಿಕ್ಸ್ 610 ಕೋಟಿಗೆ ಹೋದರೆ ಉಳಿದ 29 ಜನಕ್ಕೂ ಖುಷಿ.

ನಿಧಾನಗತಿ:

ಚರ್ಚೆ ಚೆನ್ನಾಗಿದೆ, ಆದರೆ ಪತ್ರಿಕೆಯ ತಲೆಬರಹದ ಸಂಖ್ಯೆಯನ್ನು ಎಲ್ಲರೂ ಹಾಗೇ ನಂಬುತ್ತಿದ್ದೀರಿ. ಕಂಪನಿಗಳ ಪಾಲು ಕೊಳ್ಳುವ ವ್ಯವಹಾರಗಳ ಕಾಗದ ನೋಡುವುದೇ ನನ್ನ ಕೆಲಸ, ಅದಕ್ಕೇ ಇದು ಕಣ್ಣಿಗೆ ಚುಚ್ಚುತ್ತದೆ.

610 ಕೋಟಿ ಅಂದರೆ ಒಂದೇ ದಿನ ಅಷ್ಟೂ ದುಡ್ಡು ಕೈ ಬದಲಾಯಿಸಿತು ಅಂತ ಅಲ್ಲ. ಮೊದಲು ನಿಯಂತ್ರಣ ಸಿಗುವಷ್ಟು ಪಾಲು ಆ ಲೆಕ್ಕದಲ್ಲಿ, ಉಳಿದ ಪಾಲು ನಂತರ ಇನ್ನೂ ಹೆಚ್ಚಿನ ಮೌಲ್ಯದಲ್ಲಿ. ಲೇಕರ್ಸ್ 1,000 ಕೋಟಿ ಕೂಡ ಹಾಗೇ: ಮಾರ್ಕ್ ವಾಲ್ಟರ್ ಕೊಂಡಿದ್ದು ಬಹುಪಾಲು, ಪೂರ್ತಿ ತಂಡವನ್ನಲ್ಲ. ನಿಯಂತ್ರಣಕ್ಕೆ ಒಂದು ಬೆಲೆ, ಬರಿ ಪಾಲಿಗೆ ಇನ್ನೊಂದು. ತೀರ್ಮಾನ ತೆಗೆದುಕೊಳ್ಳುವ ಹಕ್ಕಿಲ್ಲದ ಸಣ್ಣ ಪಾಲು ಯಾವಾಗಲೂ ರಿಯಾಯಿತಿಯಲ್ಲೇ ಹೋಗುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸ್ಪೋರ್ಟ್ಸ್ ಷೇರು ನೋಡಿ. ನಿಕ್ಸ್ ತಂಡ ಮತ್ತು ರೇಂಜರ್ಸ್ ಹಾಕಿ ತಂಡ ಎರಡೂ ಆ ಕಂಪನಿಯವು. ಆದರೂ ವರ್ಷಗಟ್ಟಲೆ ಆ ಷೇರುಗಳ ಒಟ್ಟು ಬೆಲೆ ನಿಕ್ಸ್ ಒಂದಕ್ಕೇ ಫೋರ್ಬ್ಸ್ ಹಾಕಿದ ಅಂದಾಜಿಗಿಂತ ಕಡಿಮೆ ಇತ್ತು. ಯಾಕೆಂದರೆ ಮತದ ಬಲ ಡೋಲನ್ ಕುಟುಂಬದ ಕೈಯಲ್ಲಿದೆ. ಷೇರು ಕೊಂಡವರಿಗೆ ತಂಡದ ಮೇಲೆ ಯಾವ ಹಿಡಿತವೂ ಇಲ್ಲ, ಅವರು ಮಾರುವ ತನಕ ಕಾಯಬೇಕು.

ಇದೇ ಕಾರಣಕ್ಕೆ ಲೀಗ್ ಹೂಡಿಕೆ ನಿಧಿಗಳಿಗೆ ಬಾಗಿಲು ತೆರೆದಿದೆ. ಒಂದು ನಿಧಿ ಒಂದು ತಂಡದಲ್ಲಿ ಶೇ. 20ರ ತನಕ, ಎಲ್ಲ ನಿಧಿಗಳೂ ಸೇರಿ ಶೇ. 30ರ ತನಕ ಕೊಳ್ಳಬಹುದು. ಬೆಲೆ 500 ಕೋಟಿ ದಾಟಿದ ಮೇಲೆ ಒಬ್ಬರೇ ಚೆಕ್ ಬರೆಯುವಂಥವರು ಜಗತ್ತಿನಲ್ಲೇ ಕೆಲವರು. ನಿಧಿಗಳು ಬರದಿದ್ದರೆ ಸಣ್ಣ ಪಾಲುದಾರರಿಗೆ ಹೊರಹೋಗುವ ದಾರಿಯೇ ಇರುತ್ತಿರಲಿಲ್ಲ. ಬೆಲೆ ಏರಲು ಇದೂ ಒಂದು ಗಟ್ಟಿ ಕಾರಣ, ಇಲ್ಲಿ ಯಾರೂ ಹೇಳಿರಲಿಲ್ಲ.

ಇನ್ನೊಂದು, ತೆರಿಗೆ. 2004ರ ಕಾನೂನು ಬದಲಾದ ಮೇಲೆ ಅಮೆರಿಕದಲ್ಲಿ ಕ್ರೀಡಾ ತಂಡ ಕೊಂಡವರು ಕೊಟ್ಟ ಬೆಲೆಯ ಬಹುಪಾಲನ್ನು 15 ವರ್ಷದಲ್ಲಿ ಖರ್ಚಿನ ಹಾಗೆ ತೋರಿಸಬಹುದು. ತಂಡದ ಬೆಲೆ ನಿಜದಲ್ಲಿ ಏರುತ್ತಿದ್ದರೂ ಕಾಗದದ ಮೇಲೆ ಸವೆಯುತ್ತದೆ. ಮೂರುಪಾಯಿಂಟ್ ಕೇಳಿದ್ದರಲ್ಲ, ಲಾಭ ಕಾಣುವುದೇ ಇಲ್ಲ ಅಂತ. ಕೆಲವು ಮಾಲೀಕರಿಗೆ ಕಾಗದದ ಮೇಲಿನ ಆ ನಷ್ಟವೇ ಉಪಯೋಗಕ್ಕೆ ಬರುತ್ತದೆ. ಬೇರೆ ವ್ಯವಹಾರದ ಆದಾಯ ಜಾಸ್ತಿ ಇರುವವರಿಗೆ ತಂಡ ಇನ್ನೂ ಬೆಲೆಬಾಳುತ್ತದೆ.

ಪಟ್ಟುಗಳ ಬಗ್ಗೆಯೂ ಎಚ್ಚರ ಇರಲಿ. 17 ಪಟ್ಟು ಅಂದರೆ ದೊಡ್ಡದಾಗಿ ಕೇಳುತ್ತದೆ. 36ರಿಂದ 610ಕ್ಕೆ 23 ವರ್ಷ ಅಂದರೆ ವರ್ಷಕ್ಕೆ ಸುಮಾರು ಶೇ. 13. ಲೇಕರ್ಸ್ ತಂಡವನ್ನು ಜೆರ್ರಿ ಬಸ್ 1979ರಲ್ಲಿ 6.75 ಕೋಟಿಗೆ ಕೊಂಡರು. ಅದರಲ್ಲಿ ಲೇಕರ್ಸ್ ಜೊತೆ ಕಿಂಗ್ಸ್ ಹಾಕಿ ತಂಡ, ಫೋರಂ ಅರೀನಾ, ಒಂದು ದೊಡ್ಡ ರಾಂಚ್ ಕೂಡ ಇತ್ತು. ಪೂರ್ತಿ ಮೊತ್ತವನ್ನು ಲೇಕರ್ಸ್ ತಲೆಗೇ ಕಟ್ಟಿದರೂ 1,000 ಕೋಟಿಗೆ 46 ವರ್ಷ, ವರ್ಷಕ್ಕೆ ಶೇ. 11-12. ಚೆನ್ನಾಗಿದೆ, ತುಂಬಾ ಚೆನ್ನಾಗಿದೆ. ಆದರೆ ಅಷ್ಟು ವರ್ಷ ಅಮೆರಿಕದ ಷೇರು ಮಾರುಕಟ್ಟೆಯಲ್ಲಿ ಸುಮ್ಮನೆ ಇಟ್ಟು ಡಿವಿಡೆಂಡ್ ಮತ್ತೆ ಹಾಕುತ್ತಾ ಬಂದಿದ್ದರೂ ಅದರ ಆಸುಪಾಸಿಗೇ ಬರುತ್ತಿತ್ತು.

ದಿನಾಂಕವೂ ಬೆಲೆಯ ಒಂದು ಭಾಗ. ಮಾರ್ಕ್ ಲೋರ್ ಮತ್ತು ಅಲೆಕ್ಸ್ ರಾಡ್ರಿಗಸ್ 2021ರಲ್ಲಿ ಮಿನ್ನೆಸೋಟ ಟಿಂಬರ್‌ವುಲ್ವ್ಸ್‌ಗೆ 150 ಕೋಟಿ ಅಂತ ಮಾತಾಡಿ, ಕಂತಿನಲ್ಲಿ ಕೊಡುತ್ತಾ ಬಂದರು. ಅಷ್ಟರಲ್ಲಿ ಸನ್ಸ್ 400 ಕೋಟಿಗೆ ಹೋಯಿತು. 2024ರಲ್ಲಿ ಮಾಲೀಕ ಗ್ಲೆನ್ ಟೇಲರ್ ಗಡುವು ಮೀರಿದೆ, ಇನ್ನು ಮಾರುವುದಿಲ್ಲ ಅಂದರು. ವಿಷಯ ಮಧ್ಯಸ್ಥಿಕೆಗೆ ಹೋಗಿ 2025ರಲ್ಲಿ ಕೊಳ್ಳುವವರ ಪರ ತೀರ್ಪು ಬಂತು, ಹಳೆಯ 150 ಕೋಟಿಗೇ ತಂಡ ಅವರದಾಯಿತು. ಅದೇ ತಂಡ, ಅದೇ ಊರು. 2021ರ ಬೆಲೆ ಒಂದು, 2025ರ ಬೆಲೆ ಇನ್ನೊಂದು.

ಮೂರುಪಾಯಿಂಟ್:

ಎಲ್ಲರಿಗೂ ತುಂಬಾ ಧನ್ಯವಾದ, ಒಂದು ವಾರ ಓದುವಷ್ಟು ಸಿಕ್ಕಿತು. ನಿಧಾನಗತಿಯವರ ವರ್ಷಕ್ಕೆ ಶೇ. 13ರ ಲೆಕ್ಕ ನೋಡಿದ ಮೇಲೆ ಕಣ್ಣು ಸ್ವಲ್ಪ ತೆರೆಯಿತು. ಕೊನೆಯದಾಗಿ ಒಂದೇ ಒಂದು: ಈ ಬೆಲೆ ಏರಿಕೆಯಲ್ಲಿ ಆಟಗಾರರಿಗೆ ಏನಾದರೂ ಸಿಗುತ್ತದಾ? ಟಿವಿ ದುಡ್ಡಿನಲ್ಲಿ ಅರ್ಧ ಅವರದ್ದು ಅಂದಿರಿ. 610 ಕೋಟಿಯಲ್ಲಿ?

ಹಳೇಅಭಿಮಾನಿ:

ಒಂದು ಪೈಸೆ ಇಲ್ಲ. ಹಂಚಿಕೊಳ್ಳುವ ಆದಾಯದ ಲೆಕ್ಕದಲ್ಲಿ ತಂಡ ಮಾರಿದ ದುಡ್ಡು ಸೇರುವುದಿಲ್ಲ, ಹೊಸ ತಂಡದ ಸೇರ್ಪಡೆ ಶುಲ್ಕವೂ ಸೇರುವುದಿಲ್ಲ. ಮುಂದಿನ ಒಪ್ಪಂದದ ಮಾತುಕತೆಯಲ್ಲಿ ಆಟಗಾರರ ಸಂಘ ಇದನ್ನು ಗಟ್ಟಿಯಾಗಿ ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ಜನ ನೋಡಲು ಬರುವುದು ಅವರನ್ನು.

ಅಂತರ ಎಷ್ಟು ಅಂತ ತಿಳಿಯಲು ಮತ್ತೆ ಜೋರ್ಡನ್ ಅವರನ್ನೇ ನೋಡಿ. 15 ಸೀಸನ್ ಆಡಿ, 6 ಸಲ ಚಾಂಪಿಯನ್ ಆಗಿ ಅವರು ಪಡೆದ ಒಟ್ಟು ಸಂಬಳ 10 ಕೋಟಿ ಡಾಲರ್ ಕೂಡ ಆಗಲಿಲ್ಲ. ಒಂದೂ ಪ್ಲೇಆಫ್ ಸರಣಿ ಗೆಲ್ಲದ ತಂಡದ ಮಾಲೀಕರಾಗಿ 13 ವರ್ಷ ಇದ್ದು ಮಾರಿದಾಗ, ಆ ತಂಡದ ಮೌಲ್ಯ ಏರಿದ್ದು 270 ಕೋಟಿಗಿಂತ ಜಾಸ್ತಿ.